ಹೋಳಿಗೊಂದು ಕಣ್ಣು

ಗೋಡೆಯಲ್ಲಿ ಗೊಬ್ಬರದಂಗಡಿಯ ಕ್ಯಾಲೆಂಡರು,
ಕೆಂಪು ಪೆನ್ನಿನಲ್ಲಿ ಮೂರು ಸುತ್ತು:
ಸೆಪ್ಟೆಂಬರ್ ಹತ್ತು, ನವೆಂಬರ್ ಇಪ್ಪತ್ತೆರಡು, ಜನವರಿ ಐದು.
"ಏನವ್ವ ಇವು, ಕರೆಂಟ್ ತೆಗೆಯೋ ದಿನಗಳಾ?" ಅಂತಾನೆ
ಕಂಪ್ರೆಸರ್ ನೋಡಿಕೊಳ್ಳುವ ಈರಪ್ಪ.
ಅಲ್ಲ, ಬಾಗಿಲು ಮುಚ್ಚೋ ದಿನಗಳು.
ನಮ್ಮ ಹಾಸನಾಂಬೆಯ ಬಾಗಿಲಿನ ಹಾಗೇ, ವರ್ಷಕ್ಕೊಂದು ಸಲ.
ಒಳಗೆ ದೀಪ ಉರಿಯುತ್ತಿರುತ್ತದೆಯೋ ಇಲ್ಲವೋ
ಇದರಲ್ಲಿ ಹೇಳುವವರಿಲ್ಲ.

ಶೈತ್ಯಾಗಾರದಲ್ಲಿ ರಾತ್ರಿ ಪಾಳಿ.
ಹೊರಗೆ ಬಿ.ಎಂ. ರಸ್ತೆಯ ಲಾರಿಗಳು,
ಒಳಗೆ ಮೂರು ಡಿಗ್ರಿಯಲ್ಲಿ ಹನ್ನೆರಡು ಸಾವಿರ ಚೀಲ ನಿದ್ದೆ.
ದಾಸ್ತಾನು ಪುಸ್ತಕದ ಹಿಂದಿನ ಪುಟದಲ್ಲಿ ನನ್ನ ಲೆಕ್ಕ:
ಕೈಗೆ ಎಟಕುವ ಕಾಲೇಜು ಎರಡು,
ತುದಿಗಾಲಲ್ಲಿ ನಿಂತರೆ ಎಟಕುವುದು ಎರಡು,
ಏಣಿ ಬೇಕಾದದ್ದು ಒಂದು.
ಐದಕ್ಕೂ ಅರ್ಜಿ ಶುಲ್ಕ ಕೂಡಿದರೆ ಒಂದೂವರೆ ತಿಂಗಳ ಸಂಬಳ.
ಒಂದನ್ನು ಹೊಡೆದು ಹಾಕಿದೆ.
ಏಣಿಯದ್ದನ್ನಲ್ಲ.

ಪ್ರಶ್ನೆ ಎರಡು: ನೀವು ಸೋತ ಒಂದು ಸಂದರ್ಭ. ಮುನ್ನೂರು ಪದ.
ಮೊದಲ ಸಲ ಬರೆದೆ, ಅತಿಯಾಗಿ ದುಡಿಯುವುದೇ ನನ್ನ ದೋಷ.
ಓದಿ ನನಗೇ ನಗು ಬಂತು.
ಎರಡನೆಯ ಸಲ, ತಂಡವೊಂದನ್ನು ಮುನ್ನಡೆಸಿದೆ ಅಂತ.
ಆ ತಂಡದಲ್ಲಿದ್ದದ್ದು
ನಾನು, ಈರಪ್ಪ, ಇಲಿ ಹಿಡಿಯದ ಒಂದು ಬೆಕ್ಕು.

ಮೇ ತಿಂಗಳಲ್ಲಿ, ತೂಕದ ತಕರಾರಿಗೆಂದು ಶಾಂತಿಗ್ರಾಮಕ್ಕೆ ಹೋದಾಗ
ಹೊಂಗೆಯ ನೆರಳಲ್ಲಿ ಬಿತ್ತನೆ ಗೆಡ್ಡೆ ಕೊಯ್ಯುತ್ತಿದ್ದರು.
ದ್ಯಾವಮ್ಮ ನನ್ನ ಕೈಗೂ ಒಂದು ಚಾಕು ಕೊಟ್ಟಳು:
"ಹೆಂಗಾರ ಕುಯ್ಯಿ ತಾಯಿ, ಹೋಳಿಗೊಂದು ಕಣ್ಣಿರ್ಲಿ.
ಕಣ್ಣಿಲ್ಲದ್ದು ಮಣ್ಣಲ್ಲೇ ಕೊಳ್ತೋಯ್ತದೆ."
ಒಂದೇ ಪ್ರಬಂಧವನ್ನು ನಾಲ್ಕು ಹೋಳು ಮಾಡಿ
ಕಾಲೇಜಿನ ಹೆಸರಷ್ಟೇ ಬದಲಿಸಿ ಇಟ್ಟಿದ್ದೆ ನಾನು.
ವಾಪಸು ಬರುವಾಗ ಬಸ್ಸಿನಲ್ಲಿ ಫೋನು ತೆಗೆದು ನೋಡಿದೆ.
ಕಣ್ಣಿದ್ದದ್ದು ಒಂದರಲ್ಲಿ,
ಅದೂ ಅರ್ಧ.

ಹಾಗಾಗಿ ಬರೆದೆ, ಆ ಆಗಸ್ಟಿನ ರಾತ್ರಿಯನ್ನು.
ನಾಲ್ಕನೇ ಕೋಣೆಯ ಮುಳ್ಳು ಒಂಬತ್ತು ತೋರಿಸುತ್ತಿತ್ತು;
ಮುಳ್ಳೇ ಕೆಟ್ಟಿದೆ ಅಂದುಕೊಂಡು
ಪುಸ್ತಕದಲ್ಲಿ ಮೂರು ಎಂದು ಬರೆದೆ,
ನಿನ್ನೆಯಂತೆ, ಮೊನ್ನೆಯಂತೆ.
ನಾನೂರ ಹನ್ನೊಂದು ಚೀಲ.
ಚೀಲದ ಮೇಲೆ ನೀಲಿ ಬಣ್ಣದಲ್ಲಿ ಬರೆದ ಹೆಸರು ಓದಿ ಓದಿ
ಒಬ್ಬೊಬ್ಬರಿಗೂ ಫೋನು ಮಾಡಿದವಳು ನಾನೇ.
ಕೆಲವರು ಬೈದರು. ಒಬ್ಬರು "ಊಟ ಆಯ್ತಾ" ಅಂದರು,
ಅದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದೋ
ಇನ್ನೂ ಗೊತ್ತಾಗಿಲ್ಲ.

ಶಿಫಾರಸು ಪತ್ರಕ್ಕೆ ಮ್ಯಾನೇಜರ್ ತಮ್ಮಣ್ಣಗೌಡರು.
"ನೀನೇ ಬರ್ಕಂಬಾ, ರುಜು ಹಾಕ್ತೀನಿ."
ಆಗಲ್ಲ ಸಾರ್, ನೀವೇ ಹೇಳಬೇಕು.
ಬಹಳ ಹೊತ್ತು ಕನ್ನಡಕ ಒರೆಸಿದರು.
"ಆ ನಾನೂರು ಚೀಲ ಹೋದ್ಮೇಲೆ
ದಿಲ್ಶಾದ್ ಮೂರು ಅಂತ ಬರೆದಿದ್ರೆ
ನಾನು ಹೋಗಿ ನೋಡಲ್ಲ. ಅಷ್ಟೇ, ಬರಕೋ."
ಇನ್ನೇನಾದ್ರೂ, ಸಾರ್?
"ಟೀ ಚೆನ್ನಾಗಿ ಮಾಡಲ್ಲ. ಅದು ಬ್ಯಾಡ ಬಿಡು."

ಕೊನೆಯ ಪ್ರಶ್ನೆ ಉಳಿದಿದೆ: ನಿಮಗೇಕೆ ಈ ಪದವಿ?
ನಾಯಕತ್ವ, ದೂರದೃಷ್ಟಿ, ಎಲ್ಲ ಬರೆದು ಅಳಿಸಿದೆ.
ಒಳಗಿಟ್ಟಾಗ ಎಂಟು ರೂಪಾಯಿ ಇದ್ದ ಗೆಡ್ಡೆ
ಹೊರಗೆ ಹೋಗುವಾಗ ಮೂವತ್ತು.
ನಡುವಿನ ಆ ಇಪ್ಪತ್ತೆರಡು ಎಲ್ಲಿ ಮಲಗಿರುತ್ತದೆ?
ಬೆಳೆದವರ ಮನೆಯಲ್ಲಿಲ್ಲ, ದ್ಯಾವಮ್ಮನ ಸೆರಗಿನ ಗಂಟಿನಲ್ಲಿಲ್ಲ.
ಆರು ವರ್ಷದಿಂದ ಬೀಗದ ಕೈ ನನ್ನ ಸೊಂಟದಲ್ಲಿದೆ,
ಒಂದು ದಿನವೂ ಅದನ್ನು ನಾನು ಕಂಡಿಲ್ಲ.

ಹದಿನೆಂಟು ಪದ ಹೆಚ್ಚಾಯಿತು.
ಯಾವುದನ್ನು ತೆಗೆಯಲಿ ಎಂದು ಕೂತಿದ್ದಾಗ ಎರಡು ಗಂಟೆ.
ಟಾರ್ಚು ಹಿಡಿದು ನಾಲ್ಕನೇ ಕೋಣೆಗೆ ಹೋದೆ,
ಗಾಜು ಒರೆಸಿ, ಬಗ್ಗಿ ನೋಡಿದೆ.
ಮೂರು.
ಮೂರೇ.