ಕಡಿತದ ಪುಸ್ತಕ

ಒಲ್ಯಾಂವ್ ಬಂದರಿನ ಸಾರ್ಡೀನ್ ಕಾರ್ಖಾನೆಯಲ್ಲಿ
ನನ್ನ ಕೆಲಸ ಮೀನಿನದ್ದಲ್ಲ, ನಿಮಿಷಗಳದ್ದು.
ಬೆಲ್ಟು ಬಿಟ್ಟು ಯಾರು ಎಷ್ಟೊತ್ತಿಗೆ ಎದ್ದರು,
ಎಷ್ಟೊತ್ತಿಗೆ ಮರಳಿದರು,
ಹಸಿರು ರಟ್ಟಿನ ಪುಸ್ತಕದಲ್ಲಿ ಬರೆಯುತ್ತೇನೆ,
ತಿಂಗಳ ಕೊನೆಗೆ ಕೂಡಿಸಿ, ಸಂಬಳದಲ್ಲಿ ಕಡಿಯುತ್ತೇನೆ.
ಹನ್ನೊಂದು ವರ್ಷದಿಂದ.

ಫೆಲಿಜ್ಬೆಲಾ, ಇಪ್ಪತ್ತೆರಡು ನಿಮಿಷ.
ಝುಲ್ಮೀರಾ ಹದಿನೆಂಟು, ಮಧ್ಯಾಹ್ನ ಮತ್ತೆ ಒಂಬತ್ತು.
ಕಾರಣ ಎಂಬ ಕಾಲಮ್ಮಿನಲ್ಲಿ ಅವರಂದದ್ದನ್ನೇ ಬರೆದೆ:
ಹೊಟ್ಟೆ. ಸೊಂಟ. ತಲೆಸುತ್ತು. ಹೊಟ್ಟೆ. ಏನಿಲ್ಲ.
ಈ ಪುಸ್ತಕದಲ್ಲಿ ಎಲ್ಲಕ್ಕಿಂತ ಹೆಚ್ಚು ನಿಮಿಷ ತಿಂದದ್ದು
'ಏನಿಲ್ಲ.'

ಮೇಸ್ತ್ರಿ ಎರ್ಮೀನಿಯು ಕೆಟ್ಟವನಲ್ಲ.
ನಮ್ಮಮ್ಮ ಎಂಟು ಹೆತ್ತಳು, ಒಂದು ದಿನ ಮಲಗಲಿಲ್ಲ ಅನ್ನುತ್ತಾನೆ,
ಏಪ್ರನ್ನಿನಡಿ ಕಟ್ಟಿಕೊಂಡ ಬಿಸಿನೀರ ಬಾಟಲಿಯನ್ನು
ಕಂಡೂ ಕಾಣದ ಹಾಗೆ ದಾಟುತ್ತಾನೆ.

ಮಾರ್ಚಿಯಲ್ಲಿ ನನ್ನ ಸರದಿ. ಫಾರೋ ಆಸ್ಪತ್ರೆ.
ಹೊಟ್ಟೆಯ ಮೇಲೆ ತಣ್ಣನೆ ಜೆಲ್,
ಪರದೆಯ ಮೇಲೆ ಬೂದಿ ಬಣ್ಣದ ಹವಾಮಾನ.
ಡಾಕ್ಟರು, ನನ್ನ ತಂಗಿಯ ಮಗಳ ವಯಸ್ಸಿನವಳು,
ಎರಡು ಹೆಸರು ಹೇಳಿದಳು.
ಅಡಿನೊಮಯೋಸಿಸ್: ಗರ್ಭಕೋಶದ ಒಳಪದರ
ತನ್ನದೇ ಗೋಡೆಯೊಳಕ್ಕೆ ಬೇರಿಳಿಸುವುದು.
ಎಂಡೊಮೆಟ್ರಿಯೋಸಿಸ್: ಅಂಥದೇ ಪದರ ಹೊರಗಾಗುವುದು,
ಅಂಡಾಶಯದ ಮೇಲೆ, ಕರುಳಿನ ಬೆನ್ನಿಗೆ ಅಂಟಿ
ತಿಂಗಳು ತಿಂಗಳೂ ದಾರಿ ಕಾಣದೆ ನೆತ್ತರಾಗುವುದು.
ನಿಮಗೆ ಎರಡೂ ಇವೆ ಎಂದಳು.

ಅಪರೂಪದ್ದಾ? ಕೇಳಿದೆ.
ಹೌದೆನ್ನಲಿ ಅನ್ನಿಸಿತ್ತು, ಯಾಕೋ.
ಇಪ್ಪತ್ತೇಳು ವರ್ಷ ಮಂಡಿ ಎದೆಗೊತ್ತಿ ಮಲಗಿದ್ದಕ್ಕೆ
ಅಷ್ಟಾದರೂ ಮರ್ಯಾದೆ ಬೇಡವೇ?

ಹೆರುವ ವಯಸ್ಸಿನ ಹತ್ತು ಹೆಂಗಸರಲ್ಲಿ
ಸುಮಾರು ಒಬ್ಬಳಿಗೆ ಎರಡನೆಯದು, ಎಂದಳು.
ಮೊದಲನೆಯದರ ಲೆಕ್ಕ ಯಾರಿಗೂ ಸರಿಯಾಗಿ ಗೊತ್ತಿಲ್ಲ.
ಹುಡುಕಿದವರಿಗೆ, ಹುಡುಕಿದಷ್ಟು.

ಹಾಗೆ ನಾನು ಹತ್ತರಲ್ಲಿ ಹನ್ನೊಂದಾದೆ.

ಬಸ್ಸಿನಲ್ಲಿ ತಲೆ ಎಣಿಸಿದೆ. ಇಪ್ಪತ್ತು ಹೆಂಗಸರು.
ನಾನೊಬ್ಬಳು. ಇನ್ನೊಬ್ಬಳು ಯಾರು?
ಈರುಳ್ಳಿ ಚೀಲವನ್ನು ಹೊಟ್ಟೆಗವಚಿಕೊಂಡವಳಾ?
ಕಿಟಕಿಗೆ ಹಣೆಯೊತ್ತಿದ ಕಾಲೇಜು ಹುಡುಗಿಯಾ?
ಇಬ್ಬರೂ ಸುಮ್ಮನೆ ದಣಿದಿದ್ದಿರಬಹುದು.

ರಾತ್ರಿ ಪುಸ್ತಕ ಮನೆಗೆ ತಂದೆ.
ಎರಡು ಪಾಳಿ, ಅರವತ್ತಮೂರು ಹೆಸರು.
ಐಸ್ ಕಂಪನಿ ಬಿಲ್ಲಿನ ಹಿಂದೆ ಗುರುತು ಹಾಕುತ್ತ ಹೋದೆ:
ಇಪ್ಪತ್ತಾರು, ಇಪ್ಪತ್ತೆಂಟು, ಮೂವತ್ತು ದಿನಕ್ಕೊಮ್ಮೆ
ಉಬ್ಬರದ ಪಟ್ಟಿಯಷ್ಟೇ ನಿಯತ್ತಾಗಿ ಏಳುತ್ತಾರೆ
ಅದೇ ಎಂಟು ಜನ.
ನನ್ನದೇ ಕೈಬರಹ. ನನ್ನದೇ ಕೂಡುವಿಕೆ.
ಯಾರೂ ಕೇಳದ ಜನಗಣತಿಯನ್ನು
ದಂಡ ಹಾಕುತ್ತ ಹಾಕುತ್ತ ಮುಗಿಸಿದ್ದೆ.

ಹಳೆಯ ಪುಟದಲ್ಲಿ ಗ್ರಸಿಯೆತ್.
ಗೈರುಹಾಜರಿ ಮಿತಿ ಮೀರಿತೆಂದು ಕೆಂಪು ಗೆರೆ ಎಳೆದವಳು ನಾನು.
ಸ್ಕೇಲ್ ಇಟ್ಟು ಎಳೆದಿದ್ದೇನೆ.
ಎಷ್ಟು ನೇರವಾಗಿದೆ.

ಒಂಬತ್ತನೆಯ ಹೆಸರು ಹುಡುಕಿದೆ, ಸಿಗಲಿಲ್ಲ.
ಗಡಿಯಾರದ ಈಚೆ ಕೂತವಳಿಗೆ ಪುಟವಿಲ್ಲ.
ಗುಮಾಸ್ತೆಯ ಕಕ್ಕಸಿನ ನಿಮಿಷ
ಯಾರೂ ಬರೆದಿರಲಿಲ್ಲ, ನಾನೂ.

ಸೋಮವಾರ ಹತ್ತೂ ಕಾಲಿಗೆ ಝುಲ್ಮೀರಾ ಎದ್ದಳು.
ಪೆನ್ನು ಅಲ್ಲೇ ಬಿಟ್ಟು ಹಿಂದೆ ಹೋದೆ.
ನಲ್ಲಿಯ ಬಳಿ ಕುಕ್ಕರುಗಾಲಲ್ಲಿ ಕೂತಿದ್ದಳು,
ಮೊಣಕೈವರೆಗೆ ಪೊರೆ ಮಿನುಗುತ್ತಿತ್ತು.
ಪಕ್ಕದಲ್ಲಿ ಕೂತು ಎರಡೂ ಹೆಸರು ಹೇಳಿದೆ.
ಒಂದನ್ನು ಅವಳು ನಿಧಾನ ಹೇಳಿನೋಡಿದಳು,
ಮುಳ್ಳಿದ್ದ ತುತ್ತನ್ನು ನಾಲಿಗೆಯಲ್ಲಿ ತಿರುವುವ ಹಾಗೆ.

ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು:
ಇಷ್ಟುದ್ದದ್ದು ನಿನ್ನ ಕಾಲಮ್ಮಿನಲ್ಲಿ ಹಿಡಿಸುತ್ತದೇನೇ?