ಕಂಡುಬರಲಿಲ್ಲ

ಎಂಟು ವರ್ಷದ ಹಿಂದೆ ಇದೇ ಸುಂಕೇರಿ ದಂಡೆಯಲ್ಲಿ
ಆಚೆಗೆ ಹನ್ನೆರಡು ಚೌಕ, ಈಚೆಗೆ ಹನ್ನೆರಡು,
ಪೈಪಿನ ಚೌಕಟ್ಟು ಒತ್ತಿ, ಕೆಸರು ಬಗೆದು, ಜರಡಿ ಹಿಡಿದು
ಬಳಚು ಎಣಿಸಿದ್ದೆ.
ಹನ್ನೆರಡೇ ಯಾಕೆ ಅಂತ ಯಾರೂ ಕೇಳಲಿಲ್ಲ.
ಜೀಪು ಸಿಕ್ಕಿದ್ದು ನಾಲ್ಕು ದಿನ,
ಅದಕ್ಕೇ ಹನ್ನೆರಡು.

ವರದಿಯ ಕೊನೆಗೆ ಬರೆದೆ:
ಮರಳು ತೆಗೆವ ಕಡೆಗೂ ತೆಗೆಯದ ಕಡೆಗೂ
ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ.
ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ.

ಕಚೇರಿಯಿಂದ ಕಚೇರಿಗೆ ಹೋಗುತ್ತ
ಆ ಮಾತು ಸವೆಯಿತು.
ಒಂದು ಮೇಜಿನಲ್ಲಿ ‘ಗಮನಾರ್ಹ’ ಉದುರಿತು,
ಮುಂದಿನದರಲ್ಲಿ ‘ಕಂಡುಬರ’.
ಉಳಿದದ್ದು: ವ್ಯತ್ಯಾಸ ಇಲ್ಲ.
ನಮ್ಮ ಭಾಷೆಯಲ್ಲಿ ಇದೊಂದು ಅಪಾಯ,
ಕಾಣಲಿಲ್ಲ ಎಂಬುದರ ಬಾಲದಲ್ಲೇ
ಇಲ್ಲ ಕೂತಿರುತ್ತದೆ,
ಹಲ್ಲಿಯ ಬಾಲದ ಹಾಗೆ
ಕಡಿದ ಮೇಲೂ ಕುಣಿಯುತ್ತದೆ.

ಮೊನ್ನೆ ಶೇವಂತಿ ಹರಿಕಂತ್ರ ಸಿಕ್ಕಳು, ಮಂಡಿಮಟ ನೀರಲ್ಲಿ,
ಸೊಂಟಕ್ಕೆ ಕಟ್ಟಿದ ಹಗ್ಗದ ತುದಿಗೆ ತೇಲುವ ಪಾತ್ರೆ.
“ಅವತ್ತು ಎಷ್ಟು ಸಲ ಕೈ ಹಾಕಿದ್ರಿ ಬಾಯಿ?”
“ಹನ್ನೆರಡು.”
ನಗಲಿಲ್ಲ ಅವಳು.
“ಹನ್ನೆರಡು ಸಲಕ್ಕೆ ನನ್ನ ಪಾತ್ರೆಯ ತಳವೂ ಮುಚ್ಚೂದಿಲ್ಲ.”

ರಾತ್ರಿ ಕೋಡಿಬಾಗದ ಬಾಡಿಗೆ ಕೋಣೆಯಲ್ಲಿ
ಮೊದಲೇ ಮಾಡಬೇಕಿದ್ದ ಲೆಕ್ಕವನ್ನು
ಎಂಟು ವರ್ಷ ತಡವಾಗಿ ಮಾಡಿದೆ.
ಚೌಕದಿಂದ ಚೌಕಕ್ಕೆ ಬಳಚು ಹೇಗೂ ಹೆಚ್ಚುಕಮ್ಮಿ,
ಒಂದರಲ್ಲಿ ನಲವತ್ತು, ಪಕ್ಕದ್ದರಲ್ಲಿ ಮೂರು,
ಅವು ಯಾರ ಅನುಕೂಲಕ್ಕೂ ಸಾಲಾಗಿ ಕೂರುವುದಿಲ್ಲ.
ಆ ಏರುಪೇರಿನ ಅರ್ಧದಷ್ಟು ನಷ್ಟ ಆಗಿದ್ದಿದ್ದರೆ
ನನ್ನ ಹನ್ನೆರಡಕ್ಕೆ ಅದು ಕಾಣುವ ಸಂಭವ
ಐದರಲ್ಲಿ ಒಂದು.
ಐದು ಸಲ ಬಂದಿದ್ದರೆ ನಾಲ್ಕು ಸಲ
ಇದೇ ವಾಕ್ಯ ಬರೆದು, ಇದೇ ಸಹಿ ಹಾಕಿ,
ಇದೇ ಜೀಪು ಹತ್ತುತ್ತಿದ್ದೆ.

ಈ ಸಲ ಅರವತ್ತನಾಲ್ಕು.
ಆಚೆ ಅರವತ್ತನಾಲ್ಕು, ಈಚೆ ಅರವತ್ತನಾಲ್ಕು.
ಇಳಿತ ಬಿಟ್ಟುಕೊಡುವುದು ಎರಡು ತಾಸು,
ಚೌಕಕ್ಕೆ ಇಪ್ಪತ್ತು ನಿಮಿಷ, ದಿನಕ್ಕೆ ಆರು.
ಅಮಾವಾಸ್ಯೆಯ ಸುತ್ತ ನಾಲ್ಕು ದಿನ, ಹುಣ್ಣಿಮೆಯ ಸುತ್ತ ನಾಲ್ಕು;
ಫೆಬ್ರವರಿಗೆ ಹಿಡಿದರೆ ಮೇಗೆ ಮುಗಿಯಬೇಕು,
ಕಾಳಿಯ ನೀರು ಕೆಂಪಾಗುವ ಮೊದಲು.

ಧಾರವಾಡದಿಂದ ಫೋನು.
“ಮೂವತ್ತಕ್ಕೆ ಇಳಿಸಿ ಮೇಡಂ, ದುಡ್ಡಿಲ್ಲ.”
“ಮೂವತ್ತಾದರೆ ರೂಪಾಯಿ ಚಿಮ್ಮಿದರೂ ಆದೀತು ಸರ್,
ಜೀಪಿನ ಖರ್ಚೂ ಉಳಿದೀತು.”
ಅತ್ತ ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು.
“ದೊಡ್ಡ ವ್ಯತ್ಯಾಸ ಹುಡುಕಿ, ಆಗ ಕಡಿಮೆ ಸಾಕಾಗತ್ತಲ್ಲ?”
ಸಾಕಾಗುತ್ತದೆ.
ದುಪ್ಪಟ್ಟು ನಷ್ಟಕ್ಕೆ ಕಾಲುಭಾಗ ಚೌಕ ಸಾಕು.
ದಂಡೆ ಪೂರ್ತಿ ಬರಿದಾದ ಮೇಲಾದರೆ
ಚೌಕವೇ ಬೇಡ, ಸೇತುವೆ ಮೇಲೆ ನಿಂತು
ಕೆಳಗೆ ನೋಡಿದರೆ ಸಾಕು.

ಶೇವಂತಿಗೆ ಚಹಾ ಕುಡಿಯುತ್ತ ಹೇಳಹೋದೆ,
“ನನಗೆ ಪವರ್ ಎಂಬತ್ತು ಬೇಕು.”
“ಕರೆಂಟಾ? ನಮ್ಮಲ್ಲಿ ಸಂಜೆಗೇ ಹೋಗ್ತದೆ.”
“ಅಲ್ಲ. ನಷ್ಟ ಆಗಿದ್ದೇ ಹೌದಾದರೆ
ನೂರರಲ್ಲಿ ಎಂಬತ್ತು ಸಲ ಅದು ಕೈಗೆ ಸಿಗಬೇಕು.”
ಲೋಟ ಕೆಳಗಿಟ್ಟಳು.
“ಉಳಿದ ಇಪ್ಪತ್ತಕ್ಕೆ?”

ಉಳಿದ ಇಪ್ಪತ್ತಕ್ಕೆ
ಪುಸ್ತಕದಲ್ಲಿ ಒಂದು ಗ್ರೀಕ್ ಅಕ್ಷರ ಇದೆ.
ಅದನ್ನು ಅವಳಿಗೆ ಹೇಳಲಿಲ್ಲ.

ನೋಟುಬುಕ್ಕಿನ ಮೊದಲ ಪುಟದಲ್ಲಿ,
ಒಂದು ಚಿಪ್ಪೂ ಎಣಿಸುವ ಮುಂಚೆ, ಬರೆದಿಟ್ಟೆ:
ಇಷ್ಟು ಸಣ್ಣದನ್ನು ಕಾಣುವ ಕಣ್ಣು ನಮಗಿತ್ತು,
ಇದಕ್ಕೂ ಸಣ್ಣದಕ್ಕೆ ಇರಲಿಲ್ಲ.
ಯಾವ ಮೇಜಿನಲ್ಲಿ ಯಾವುದು ಉದುರುತ್ತದೋ.

ಮೊದಲ ಚೌಕ. ಚೀಟಿ ಎತ್ತಿ ಬಂದ ಜಾಗ.
“ಅಲ್ಲಿ ಏನೂ ಇರೂದಿಲ್ಲ, ಈ ಕಡೆ ಬನ್ನಿ” ಅಂತಾಳೆ.
ಅಲ್ಲೇ ಒತ್ತುತ್ತೇನೆ. ಬಗೆಯುತ್ತೇನೆ.
ಜರಡಿಯಲ್ಲಿ ಒಂದು ಒಡಕು ಚಿಪ್ಪು, ಎರಡು ಕಲ್ಲು.
ಸೊನ್ನೆ ಅಂತ ಬರೆಯುತ್ತೇನೆ.
ಬಗ್ಗಿ ನೋಡುತ್ತಾಳೆ: “ಇದನ್ನೂ ಬರೀತೀರಾ?”
ಇದನ್ನೂ.

ಇನ್ನು ನೂರಿಪ್ಪತ್ತೇಳು.