ಸುಣ್ಣದ ಲೆಕ್ಕ

ಶಿವಮೊಗ್ಗದ ಕೋಟೆ ರಸ್ತೆ, ವಾಸುದೇವ ಶೇಟರ ಮನೆ.
ನಾಲ್ಕು ಕಂಬ, ನಡುವೆ ಒಂದು ಚೌಕ ಆಕಾಶ.
ತೊಟ್ಟಿಯ ಅಂಚಿಗೆ ಮಣೆ, ಅಗ್ಗಿಷ್ಟಿಕೆ, ಊದುಗೊಳವೆ;
ಮೂರು ತಲೆಮಾರಿನ ಮೂಗುತಿಗಳು ಹುಟ್ಟಿದ ಜಾಗ.
ಬಲ್ಬು ಚಿನ್ನವನ್ನು ಹೊಗಳುತ್ತದೆ, ಅನ್ನುತ್ತಿದ್ದರು ಶೇಟರು,
ಬಿಸಿಲು ಇದ್ದದ್ದು ಹೇಳುತ್ತದೆ.

ಮೂಡಲಿಗೆ ಚನ್ನವೀರಪ್ಪನವರ ಮೂರಂತಸ್ತು ಎದ್ದು
ಆರು ವರ್ಷ. ಕಬ್ಬಿಣದಂಗಡಿಯ ದುಡ್ಡು,
ಅಳತೆ ಬಿಗಿ, ಒಂದಿಂಚೂ ಒತ್ತುವರಿಯಿಲ್ಲ.
ಬೆಳಗು ಮಾತ್ರ ಒತ್ತುವರಿಯಾಯಿತು.
ಖಾತೆಯಲ್ಲಿ, ಕ್ರಯಪತ್ರದಲ್ಲಿ, ಚೆಕ್ಕುಬಂದಿಯಲ್ಲಿ
ಬೆಳಗಿನ ಹೆಸರೇ ಇರಲಿಲ್ಲ. ಯಾರ ಮೇಲೆ ದೂರು?

ಅವರ ಮುಂದಿನ ಗೋಡೆಗೆ ಟೈಲ್ಸು,
ಹಿಂದಿನದಕ್ಕೆ ಗಿಲಾವೂ ಇಲ್ಲ. ಸಾರುವೆ ಕಟ್ಟಲು
ಶೇಟರ ತೊಟ್ಟಿಯಲ್ಲೇ ಕಾಲು ಊರಬೇಕು.
ಕೇಳಲು ಅವರಿಗೆ ಬಿಗುಮಾನ, ಕರೆಯಲು ಇವರಿಗೆ.
ಆರು ವರ್ಷ ಆ ಕೆಂಪು ಇಟ್ಟಿಗೆ
ತೊಟ್ಟಿಯೊಳಕ್ಕೆ ನಾಲಗೆ ಚಾಚಿ ನಿಂತಿತ್ತು.

ಅಳತೆಗೆ ಬಂದವಳು ರುಬೀನಾ,
ಕಟ್ಟಡ ಕಟ್ಟುವುದನ್ನು ಓದುತ್ತಿರುವವಳು.
ಎರಡು ದಿನ ಟೇಪು ಹಿಡಿದು ಕಂಬಗಳನ್ನು ತಬ್ಬಿದಳು.
ನಾನು ಅಲ್ಲೇ ಇದ್ದೆ, ಅಡುಗೆಮನೆಯ ಮಸಿಗೆ ಸುಣ್ಣ ಬಳಿಯುತ್ತ.
ಕಾಫಿಯ ಹೊತ್ತಿಗೆ ಫೋನು ತಿರುಗಿಸಿ ತೋರಿಸಿದಳು:
ಚೀನಾದ ಕೆಳಮೂಲೆ, ಯುನ್ನಾನ್. ಬೈ ಎಂಬ ಜನ.
ಬೆನ್ನಿಗೆ ಬೆಟ್ಟ, ಎದುರಿಗೆ ಸರೋವರ.
ಬಾಗಿಲಿನ ಹಲಗೆಯಲ್ಲಿ ಮರದ ಹಕ್ಕಿ, ಮರದ ಹೂವು.
ಅಂಗಳದ ಮೂರು ಕಡೆ ಕೋಣೆ, ನಾಲ್ಕನೆಯ ಕಡೆ
ಬರೀ ಒಂದು ಗೋಡೆ. ಬೆಳ್ಳಗೆ.

"ಅದಕ್ಕೇನು ಕೆಲಸ?" ಶೇಟರ ತಂಗಿ ಇಂದುಮತಿ ಕೇಳಿದರು.
"ಸಂಜೆಯ ಬಿಸಿಲು ಹಿಡಿದು ಮನೆಗೆ ವಾಪಸು ಕೊಡೋದು.
ಅಷ್ಟೇ ಕೆಲಸ."

ಶೇಟರು ಕಣ್ಣಿನ ಭೂತಗನ್ನಡಿ ತೆಗೆದರು.
ತಲೆಯೆತ್ತಿ ಆ ಇಟ್ಟಿಗೆಯನ್ನು ಮೊದಲ ಸಲ
ಒರೆಗೆ ಹಚ್ಚಿದ ಹಾಗೆ ನೋಡಿದರು.

ಮರುದಿನ ಅಂಗಡಿಗೆ ಹೋದದ್ದು ಇಂದುಮತಿಯವರು,
ಮೊಳೆಯ ನೆಪ. ಕಾಲು ಕೇಜಿ ಮೊಳೆ,
ಅರ್ಧ ತಾಸು ಮಾತು. ಏನು ಮಾತೋ ಗೊತ್ತಿಲ್ಲ.
ಸಿಮೆಂಟು ಅವರದು, ಸುಣ್ಣ ನಮ್ಮದು
ಎಂದಷ್ಟೇ ನನಗೆ ಬಂದ ಸುದ್ದಿ.

ಚಿಪ್ಪಿನ ಸುಣ್ಣವೇ ಬೇಕೆಂದು ಹಟ ಹಿಡಿದೆ,
ಕುಂದಾಪುರದ ಕಡೆಯಿಂದ ತರಿಸಿದೆ.
ಮೂರು ರಾತ್ರಿ ಹಂಡೆಯಲ್ಲಿ ಅರಳಲು ಬಿಟ್ಟೆ.
ಅಂಟಿಗೆ ಗೋಂದು, ಹಳದಿಗೆ ತಿರುಗದಂತೆ ಚಿಟಿಕೆ ನೀಲಿ.
ಮೊದಲ ಕೈಯನ್ನು ಗೋಡೆ ಕುಡಿಯಿತು,
ಎರಡನೆಯದನ್ನು ಗಾಳಿ ಕುಡಿಯಿತು,
ಮೂರನೆಯದು ನಿಂತಿತು.

ನಾಲ್ಕು ಗಂಟೆ. ಬಿಸಿಲು ಪಡುವಣದ ಹಂಚು ದಾಟಿ ಬಂದು
ಗೋಡೆಗೆ ಬಡಿಯಿತು, ಹೊರಳಿತು,
ಚಪ್ಪಲಿ ಬಿಟ್ಟು ಒಳಬರುವ ನೆಂಟರ ಹಾಗೆ
ಮೆಲ್ಲಗೆ ಜಗಲಿ ಹತ್ತಿತು.
ತೊಲೆಯ ಅಡಿಯಲ್ಲಿ, ಎಂದೂ ಬೆಳಕು ಹೋಗದ ಕಡೆ,
ಒಂದು ಗಿಳಿ ಕೆತ್ತಿತ್ತು!
ಒಂದು ಕಣ್ಣು ಕೊರೆದಿದೆ, ಇನ್ನೊಂದು ಹಾಗೇ ಬಿಟ್ಟಿದೆ.
ಆಚಾರಿಗೆ ಊಟದ ಕರೆ ಬಂದಿತ್ತೋ ಏನೋ.
"ಇಷ್ಟು ವರ್ಷ ತಲೆಯ ಮೇಲೇ ಇದ್ದೆಯಲ್ಲೇ"
ಎಂದು ಇಂದುಮತಿಯವರು ಅದಕ್ಕೇ ಬೈದರು.
ರುಬೀನಾಳ ನಕ್ಷೆಯಲ್ಲೂ ಗಿಳಿ ಇರಲಿಲ್ಲ.
ಸುದ್ದಿ ಕೇಳಿ ಬಸ್ಸು ಹತ್ತಿ ಮತ್ತೆ ಬಂದಳು.

ಆ ಜನ ಅಂಥ ಗೋಡೆಯ ನಡುವೆ
ನಾಲ್ಕಕ್ಷರ ಬರೆಯುತ್ತಾರಂತೆ, ಮನೆತನದ ಮಾತು.
ಇಲ್ಲಿ ಏನು ಬರೆಯೋಣ ಅಂದಳು.
"ಗೋಡೆ ಅವರದು" ಅಂದರು ಶೇಟರು, ಅಷ್ಟಕ್ಕೇ ಬಿಟ್ಟರು.

ತಾರಸಿಯಿಂದ ಚನ್ನವೀರಪ್ಪನವರು ಬಗ್ಗಿ
"ಬೆಳಕು ಬಂತೇನ್ರೀ?" ಅಂದದ್ದು
ಶೇಟರ ಬಾಯಲ್ಲಿ ಊದುಗೊಳವೆ ಇದ್ದಾಗ.
ಬೆಸುಗೆ ಕರಗುವ ಗಳಿಗೆ, ಉಸಿರು ಬಿಡುವಂತಿಲ್ಲ.
ಇಕ್ಕಳ ಹಿಡಿದ ಕೈಯನ್ನೇ ಎತ್ತಿ ತೋರಿಸಿದರು.

ಒಂದು ಮಳೆಗಾಲ ಸಾಕು ಈ ಬಿಳುಪು ತಿನ್ನಲು.
ದೀಪಾವಳಿಗೆ ಮತ್ತೆ ಬಳಿಯಬೇಕು, ನಾನೇ ಬರುತ್ತೇನೆ.
ಯಾರ ಖರ್ಚು ಎಂಬುದು
ಇನ್ನೂ ಮಾತಾಗಿಲ್ಲ.